ಕಾರಿನ ಸೋಲೂ ಉಳಿಯಬೇಕು

ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿ 1957ರಲ್ಲಿ ‘ಕ್ಯಾಡಿಲಾಕ್ ಎಲ್ಡೊರಾಡೊ ಬ್ರೋಮ್’ ಎಂಬ ಕಾರನ್ನು ಮಾರುಕಟ್ಟೆಗೆ ಬಿಟ್ಟಾಗ ಅದರ ಬೆಲೆ 13,074 ಡಾಲರ್. ಆ ವರ್ಷ ಅಲ್ಲಿನ ಸಾಧಾರಣ ಕುಟುಂಬವೊಂದರ ವಾರ್ಷಿಕ ವರಮಾನ ಐದು ಸಾವಿರ ಡಾಲರ್ ಆಸುಪಾಸಿನಲ್ಲಿತ್ತು. ಎರಡೂವರೆ ವರ್ಷದ ದುಡಿಮೆಯಲ್ಲಿ ಊಟಕ್ಕೂ ಬಟ್ಟೆಗೂ ಒಂದು ಕಾಸು ಮುಟ್ಟದೆ ಕೂಡಿಟ್ಟರೆ ಮಾತ್ರ ಕೈಗೆಟುಕುವ ಕಾರು ಅದು. ಅದರ ಚಾವಣಿಗೆ ಬಣ್ಣವಿರಲಿಲ್ಲ. ನವಿರಾಗಿ ಉಜ್ಜಿದ ಸ್ಟೇನ್‌ಲೆಸ್ ಸ್ಟೀಲನ್ನು ಹಾಗೆಯೇ ಬಿಟ್ಟಿದ್ದರು. ಹಿಂದಿನ ಬಾಗಿಲುಗಳು ಮುಂದಿನವಕ್ಕೆ ಎದುರಾಗಿ, ಬೀರುವಿನ ಕದಗಳಂತೆ ತೆರೆದುಕೊಳ್ಳುತ್ತಿದ್ದವು. ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಕುಲುಕಾಟಕ್ಕೆ ಬೀಳದಂತೆ ಅಯಸ್ಕಾಂತದಿಂದ ನಿಲ್ಲುವ ಲೋಟಗಳು, ಹಿಂದಿನ ಸೀಟಿನ ಕೈಯೊರಗಿನೊಳಗೆ ಸುಗಂಧದ ಸೀಸೆ, ಕನ್ನಡಿ, ಟಿಪ್ಪಣಿ ಪುಸ್ತಕ, ನೆಲಕ್ಕೆ ಕುರಿಯುಣ್ಣೆಯ ಹಾಸು. ಮಾಲೀಕನಿಗೆ ಒಗ್ಗುವ ಸೀಟಿನ ಜಾಗವನ್ನು ನೆನಪಿಟ್ಟುಕೊಳ್ಳುವ ಯಂತ್ರವೂ ಇತ್ತು. ಮೊದಲ ವರ್ಷ 400, ಮರುವರ್ಷ 304, ಒಟ್ಟು 704 ಕಾರುಗಳು ತಯಾರಾದವು. ಅಷ್ಟು ದುಬಾರಿ ಬೆಲೆಗೆ ಮಾರಿಯೂ ಕಂಪನಿಗೆ ನಷ್ಟವೇ ಆಯಿತು. ಲಾಭ ಬೇರೆ ಕಾರುಗಳಿಂದ ಬರುತ್ತಿತ್ತು; ತನ್ನ ಕೈಯಲ್ಲಿ ಏನೇನು ಸಾಧ್ಯ ಎಂದು ಜಗತ್ತಿಗೆ ತೋರಿಸುವುದಷ್ಟೇ ಇದರ ಕೆಲಸವಾಗಿತ್ತು. ಇವತ್ತು ಉಳಿದಿರುವ ಬ್ರೋಮ್‌ಗಳು ಸಂಗ್ರಾಹಕರ ಮನೆಗಳಲ್ಲಿ, ಮ್ಯೂಸಿಯಂಗಳಲ್ಲಿ, ಪ್ರದರ್ಶನದ ಹುಲ್ಲುಹಾಸುಗಳಲ್ಲಿ ಕಾಣಸಿಗುತ್ತವೆ. ಅವುಗಳಲ್ಲಿ ಜೀರ್ಣೋದ್ಧಾರ ಕಂಡವು ಕಾರ್ಖಾನೆಯಿಂದ ಹೊರಬಂದ ದಿನಕ್ಕಿಂತಲೂ ಹೆಚ್ಚು ಹೊಳೆಯುತ್ತವೆ.

ಈ ಕಾರಿನ ಹೆಮ್ಮೆಯೂ ಅವಮಾನವೂ ಒಂದೇ ಜಾಗದಲ್ಲಿದ್ದವು. ಮಾಮೂಲಿ ಸುರುಳಿ ಸ್ಪ್ರಿಂಗುಗಳ ಬದಲು ಇದಕ್ಕೆ ಗಾಳಿಯ ಸಸ್ಪೆನ್ಶನ್ ಅಳವಡಿಸಿದ್ದರು. ಪ್ರತಿ ಚಕ್ರದ ಬಳಿ ಗುಮ್ಮಟದಂಥ ಲೋಹದ ಕೋಶ, ಅದರೊಳಗೆ ರಬ್ಬರಿನ ಪೊರೆ, ಗಾಳಿ ತುಂಬಲು ಪುಟ್ಟ ಕಂಪ್ರೆಸರ್, ಶೇಖರಿಸಲು ತೊಟ್ಟಿ, ಕಾರಿನಲ್ಲಿ ಎಷ್ಟು ಜನ ಕುಳಿತರೂ ಎತ್ತರ ಒಂದೇ ಆಗಿರುವಂತೆ ಗಾಳಿಯನ್ನು ಬಿಡುವ, ತಡೆಯುವ ವಾಲ್ವುಗಳು. ಕಾಗದದ ಮೇಲೆ ಇದು ಸೊಗಸಾದ ಏರ್ಪಾಟು. ರಸ್ತೆಗಿಳಿದ ಮೇಲೆ ಕೀಲುಗಳಲ್ಲಿ ಗಾಳಿ ಸೋರತೊಡಗಿತು, ಕೊಳವೆಗಳಲ್ಲಿ ತೇವ ಸೇರಿ ಚಳಿಗಾಲದಲ್ಲಿ ಹೆಪ್ಪುಗಟ್ಟಿತು, ವಾಲ್ವುಗಳಲ್ಲಿ ಕೊಳೆ ಸಿಕ್ಕಿಕೊಂಡಿತು. ರಾತ್ರಿ ನೆಟ್ಟಗೆ ನಿಲ್ಲಿಸಿದ ಕಾರು ಬೆಳಗ್ಗೆ ನೆಲಕ್ಕೆ ಕುಸಿದು ಕೂತಿರುತ್ತಿತ್ತು. ಬೇಸತ್ತ ಮಾಲೀಕರು ಒಬ್ಬೊಬ್ಬರಾಗಿ ಗಾಳಿಯ ಕೋಶಗಳನ್ನು ಕಿತ್ತುಹಾಕಿಸಿ ಉಕ್ಕಿನ ಸ್ಪ್ರಿಂಗುಗಳನ್ನು ಹಾಕಿಸಿಕೊಂಡರು. ಆರು ದಶಕಗಳು ದಾಟಿದ ಮೇಲೆ ಅಂಥದೊಂದು ಕಾರು ಜೀರ್ಣೋದ್ಧಾರಕ್ಕೆಂದು ಗ್ಯಾರೇಜಿಗೆ ಬಂದಾಗ ಮೆಕ್ಯಾನಿಕ್ ಎದುರಿಗೆ ಪ್ರಶ್ನೆಯೊಂದು ನಿಲ್ಲುತ್ತದೆ: ಗಾಳಿಯನ್ನು ಮರಳಿ ತರಬೇಕೇ, ಸ್ಪ್ರಿಂಗನ್ನೇ ಉಳಿಸಬೇಕೇ? ಹೊರಗಿನಿಂದ ನೋಡಿದರೆ ಎರಡಕ್ಕೂ ವ್ಯತ್ಯಾಸವಿಲ್ಲ. ಸ್ಪ್ರಿಂಗು ಅಗ್ಗ, ನಂಬಿಕಸ್ಥ. ಅನುಕೂಲವೊಂದನ್ನೇ ನೋಡುವವರು ಎರಡನೆಯದನ್ನೇ ಆರಿಸಿಕೊಳ್ಳುತ್ತಾರೆ. ಅನೇಕರು ಆರಿಸಿಕೊಂಡಿದ್ದಾರೆ ಕೂಡ.

ಆ ಆಯ್ಕೆ ಸುಲಭವಾದದ್ದು, ಆದರೆ ಯೋಚಿಸಿ ಮಾಡಿದ್ದಲ್ಲ ಎಂಬುದು ಈ ಲೇಖನದ ವಾದ. ಹಳೆಯ ಯಂತ್ರವೊಂದರ ಜೀರ್ಣೋದ್ಧಾರ ಮಾಡುವವರು ಅದರ ಸೊಬಗನ್ನು ಎಷ್ಟು ಆಸ್ಥೆಯಿಂದ ಉಳಿಸುತ್ತಾರೋ ಅಷ್ಟೇ ಆಸ್ಥೆಯಿಂದ ಅದರ ಸೋಲನ್ನೂ ಉಳಿಸಬೇಕು. ಉಳಿಸಲಾಗದ ಕಡೆ ಏನನ್ನು ಬದಲಾಯಿಸಿದೆವು, ಏಕೆ ಬದಲಾಯಿಸಿದೆವು ಎಂಬುದನ್ನು ಬರೆದಿಡಬೇಕು, ಮತ್ತು ಮುಂದಿನವರು ಬಯಸಿದರೆ ಮೂಲಕ್ಕೆ ಹಿಂದಿರುಗುವಂತೆ ದಾರಿ ಬಿಟ್ಟಿರಬೇಕು. ಕಾರು ಹೊಸದರಂತೆ ಕಾಣುತ್ತಿದೆಯೇ ಎಂಬುದಕ್ಕಿಂತ ಕಾರು ತನ್ನ ಕಾಲದ ಬಗ್ಗೆ ನಿಜ ಹೇಳುತ್ತಿದೆಯೇ ಎಂಬ ಪ್ರಶ್ನೆ ಮುಖ್ಯವಾಗಬೇಕು. ಬಹುಮಾನ ಕೊಡುವ ಸಂಸ್ಥೆಗಳೂ ನೋಂದಣಿ ಮಾಡುವ ಸರ್ಕಾರಗಳೂ ಈ ಪ್ರಶ್ನೆಯನ್ನೇ ಮೊದಲು ಕೇಳಬೇಕು.

ಸೋಲನ್ನು ಯಾಕೆ ಉಳಿಸಬೇಕು ಎಂಬುದಕ್ಕೆ ಗಾಳಿಯ ಸಸ್ಪೆನ್ಶನ್‌ನ ಕಥೆಯೇ ಉತ್ತರ ಕೊಡುತ್ತದೆ. ಜನರಲ್ ಮೋಟಾರ್ಸ್‌ಗೆ ಈ ತಂತ್ರ ಹೊಸದಾಗಿರಲಿಲ್ಲ. 1953ರಿಂದಲೇ ಅದರ ಬಸ್ಸುಗಳಲ್ಲಿ ಗಾಳಿಯ ಸಸ್ಪೆನ್ಶನ್ ಇತ್ತು; 1954ರ ಗ್ರೇಹೌಂಡ್ ಕಂಪನಿಯ ಪ್ರಸಿದ್ಧ ‘ಸೀನಿಕ್ರೂಸರ್’ ಬಸ್ಸುಗಳು ಅದರ ಮೇಲೆಯೇ ದೇಶದ ಉದ್ದಗಲ ಓಡಿದವು. ಬಸ್ಸಿನಲ್ಲಿ ಬ್ರೇಕಿಗೆಂದೇ ದೊಡ್ಡ ಕಂಪ್ರೆಸರ್ ಇರುತ್ತದೆ, ಕೋಶಗಳಿಗೆ ಧಾರಾಳ ಜಾಗವಿರುತ್ತದೆ, ಡಿಪೋದಲ್ಲಿ ನಿತ್ಯ ತಪಾಸಣೆ ಮಾಡುವ ಮೆಕ್ಯಾನಿಕ್‌ಗಳಿರುತ್ತಾರೆ. ಶ್ರೀಮಂತನ ಮನೆಯ ಷೆಡ್ಡಿನಲ್ಲಿ ಇದಾವುದೂ ಇರಲಿಲ್ಲ. ಹೀಗಿದ್ದೂ ಕಂಪನಿ 1958ರಲ್ಲಿ ಷೆವ್ರೊಲೆಟ್, ಪಾಂಟಿಯಾಕ್, ಓಲ್ಡ್ಸ್‌ಮೊಬೈಲ್, ಬ್ಯೂಯಿಕ್ ಕಾರುಗಳಿಗೂ ಹೆಚ್ಚುವರಿ ಬೆಲೆಗೆ ಗಾಳಿಯನ್ನು ನೀಡಿತು. ಕೊಂಡವರು ಕಡಿಮೆ, ದೂರುಗಳು ಹೆಚ್ಚು. ಕೆಲವೇ ವರ್ಷಗಳಲ್ಲಿ ಅದು ಪಟ್ಟಿಯಿಂದ ಮಾಯವಾಯಿತು. ಸೋತದ್ದು ಕಲ್ಪನೆಯಲ್ಲ, ಆ ಕಾಲದ ರಬ್ಬರು, ಆ ಕಾಲದ ಸೀಲುಗಳು, ಆ ಕಾಲದ ಅವಸರ. ಕಲ್ಪನೆ ಬಸ್ಸುಗಳಲ್ಲಿ ಬದುಕಿಕೊಂಡಿತು. ಈ ಶತಮಾನದ ಆರಂಭದಲ್ಲಿ ವೋಲ್ವೊ ಬಸ್ಸುಗಳು ಕರ್ನಾಟಕದ ರಸ್ತೆಗಿಳಿದಾಗ, ಕೆಎಸ್‌ಆರ್‌ಟಿಸಿಯ ‘ಐರಾವತ’ದಲ್ಲಿ ಶಿರಾಡಿ ಘಾಟಿಯನ್ನು ದಾಟಿದ ಪ್ರಯಾಣಿಕರ ಬೆನ್ನಿಗೆ ಸಿಕ್ಕ ಸುಖ ಇದೇ ಗಾಳಿಯ ಕೋಶಗಳದ್ದು. ಕುಸಿದು ಕೂತ 1957ರ ಕ್ಯಾಡಿಲಾಕ್‌ನಿಂದ ಹೊಸಕೋಟೆಯಲ್ಲಿ ತಯಾರಾದ ಬಸ್ಸಿನವರೆಗೆ ತಂತ್ರಜ್ಞಾನದ ಒಂದು ವಂಶಾವಳಿಯಿದೆ. ಬ್ರೋಮ್‌ನ ಹೊಟ್ಟೆಯೊಳಗಿಂದ ಗಾಳಿಯನ್ನು ಸದ್ದಿಲ್ಲದೆ ತೆಗೆದುಹಾಕಿದರೆ ಆ ವಂಶಾವಳಿಯ ಒಂದು ತಲೆಮಾರೇ ಅಳಿಸಿಹೋಗುತ್ತದೆ. ನೋಡುವವರಿಗೆ ಉಳಿಯುವುದು ಹೊಳೆಯುವ ಚಾವಣಿ ಮತ್ತು ಸುಗಂಧದ ಸೀಸೆ ಮಾತ್ರ.

ಕಣ್ಣಿಗೆ ಕಾಣುವ ಕಡೆ ಇದೇ ತಪ್ಪು ಇನ್ನೊಂದು ರೂಪದಲ್ಲಿ ನಡೆಯುತ್ತದೆ. ಐವತ್ತರ ದಶಕದ ಡೆಟ್ರಾಯಿಟ್ ಕಾರುಗಳು, ಎಷ್ಟೇ ದುಬಾರಿಯಾದರೂ, ಮನುಷ್ಯರ ಕೈಗಳು ಗಡಿಯಾರ ನೋಡುತ್ತ ಮಾಡಿದವು. ತಗಡುಗಳ ಕೂಡುವಿಕೆಯಲ್ಲಿ ಸೀಸದ ಬೆಸುಗೆ ತುಂಬಿ ಅರದಿಂದ ಉಜ್ಜಿ ಸಮ ಮಾಡುತ್ತಿದ್ದರು. ಬಾಗಿಲ ಸಂದು ಮೇಲೊಂದು ಅಳತೆ, ಕೆಳಗೊಂದು ಅಳತೆ ಇರುತ್ತಿತ್ತು. ಲ್ಯಾಕರ್ ಬಣ್ಣದ ಮೇಲ್ಮೈಯಲ್ಲಿ ಕಿತ್ತಳೆ ಸಿಪ್ಪೆಯಂಥ ತರಿ ಕಾಣಿಸುತ್ತಿತ್ತು. ತಳಭಾಗಕ್ಕೆ ಬಣ್ಣ ಬಿದ್ದರೆ ಬಿತ್ತು, ಇಲ್ಲದಿದ್ದರೆ ಇಲ್ಲ. ತಪಾಸಣೆ ಮಾಡಿದ ಕಾರ್ಮಿಕ ಸೀಮೆಸುಣ್ಣದಿಂದಲೋ ಮೇಣದ ಬಳಪದಿಂದಲೋ ಎಳೆದ ಗುರುತು ಎಂಜಿನ್ ಹಿಂದಿನ ತಗಡಿನ ಮೇಲೆ ಹಾಗೆಯೇ ಉಳಿಯುತ್ತಿತ್ತು. ಇವತ್ತಿನ ಜೀರ್ಣೋದ್ಧಾರದಲ್ಲಿ ಇಡೀ ಕಾರನ್ನು ಚಾಸಿಸ್‌ನಿಂದ ಬೇರ್ಪಡಿಸಿ, ಮರಳಿನ ಹೊಡೆತದಿಂದ ಬರಿಯ ಲೋಹಕ್ಕಿಳಿಸಿ, ಸಂದುಗಳನ್ನೆಲ್ಲ ಒಂದೇ ಅಳತೆಗೆ ತಂದು, ಹೊಸ ರಸಾಯನದ ಬಣ್ಣ ಬಳಿದು ಮೇಲೆ ಗಾಜಿನಂಥ ಪಾರದರ್ಶಕ ಲೇಪ ಕೊಡುತ್ತಾರೆ. ಫಲ ಅದ್ಭುತವಾಗಿರುತ್ತದೆ, ನಿಜ. ಆದರೆ ಅಂಥ ಕಾರು 1957ರಲ್ಲಿ ಎಲ್ಲಿಯೂ ಇರಲಿಲ್ಲ. ಅದನ್ನು ನೋಡಿದ ಮಕ್ಕಳು ಆ ಕಾಲದ ಕಾರ್ಖಾನೆಗಳು ಅಷ್ಟು ಕರಾರುವಾಕ್ಕಾಗಿದ್ದವು ಎಂದು ನಂಬಿದರೆ ಅವರದೇನೂ ತಪ್ಪಿಲ್ಲ. ಅಲ್ಲಿ ಮೊದಲು ಅಳಿಸಿಹೋಗುವುದು ಕಾರ್ಮಿಕನ ಕೈಯ ಗುರುತು.

ಇದು ಒಬ್ಬಿಬ್ಬರ ಗೊಣಗಾಟವೆಂದು ತಳ್ಳಿಹಾಕುವಂತಿಲ್ಲ. ಹಳೆಯ ಕಾರುಗಳ ಲೋಕದ ರುಚಿಯೇ ನಿಧಾನವಾಗಿ ಈ ಕಡೆಗೆ ತಿರುಗಿದೆ. ಕ್ಯಾಲಿಫೋರ್ನಿಯದ ಪೆಬಲ್ ಬೀಚ್‌ನಲ್ಲಿ 1950ರಿಂದ ನಡೆಯುತ್ತಿರುವ ಸ್ಪರ್ಧೆ ಈ ಲೋಕದ ಅತ್ಯಂತ ಪ್ರತಿಷ್ಠಿತ ವೇದಿಕೆ. ಮೊದಲ ವರ್ಷಗಳಲ್ಲಿ ಅಲ್ಲಿ ಗೆಲ್ಲುತ್ತಿದ್ದುದು ಹೊಚ್ಚ ಹೊಸ ಕಾರುಗಳು. ಮುಂದೆ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್ ಆದ ಫಿಲ್ ಹಿಲ್ 1955ರಲ್ಲಿ ಜೀರ್ಣೋದ್ಧಾರ ಮಾಡಿದ 1931ರ ಪಿಯರ್ಸ್ ಆ್ಯರೊ ಕಾರನ್ನು ತಂದು ಗೆದ್ದ ಮೇಲೆ ಹಳೆಯದನ್ನು ಹೊಸದಾಗಿಸುವ ಪೈಪೋಟಿ ಶುರುವಾಯಿತು. ಆ ಪೈಪೋಟಿ ಬೆಳೆದು ಕಾರ್ಖಾನೆಯನ್ನೂ ಮೀರಿಸುವ ಹೊಳಪೇ ಮಾನದಂಡವಾಯಿತು. ಅದೇ ಸ್ಪರ್ಧೆಯಲ್ಲಿ 2024ರಲ್ಲಿ ಪರಮೋಚ್ಚ ಬಹುಮಾನ ಸಿಕ್ಕಿದ್ದು 1934ರ ಬುಗಾಟಿ ಟೈಪ್ 59ಕ್ಕೆ. ಬಣ್ಣ ಸವೆದ, ಗೀರು ಬಿದ್ದ, ಮೂಲ ಸ್ಥಿತಿಯಲ್ಲೇ ಕಾಪಾಡಿಕೊಂಡು ಬಂದ ಕಾರು ಅದು. ಅಂಥ ಕಾರೊಂದು ಅಲ್ಲಿ ಮೊದಲ ಸ್ಥಾನ ಪಡೆದದ್ದು ಅದೇ ಮೊದಲು. 1935ರಲ್ಲಿ ಹುಟ್ಟಿದ ಅಮೆರಿಕದ ಆ್ಯಂಟಿಕ್ ಆಟೊಮೊಬೈಲ್ ಕ್ಲಬ್ ಕೂಡ ತನ್ನ ಮಾನದಂಡವನ್ನು ಸ್ಪಷ್ಟವಾಗಿಯೇ ಹೇಳಿಕೊಂಡಿದೆ: ಡೀಲರ್ ಆ ಕಾಲದಲ್ಲಿ ಗ್ರಾಹಕನ ಕೈಗೆ ಒಪ್ಪಿಸಬಹುದಾಗಿದ್ದ ಸ್ಥಿತಿಯೇ ಅಳತೆಗೋಲು. ಜೀರ್ಣೋದ್ಧಾರವನ್ನೇ ಕಾಣದ ಕಾರುಗಳಿಗೆ ಅದು ಪ್ರತ್ಯೇಕ ವಿಭಾಗವನ್ನೂ ತೆರೆದಿದೆ. ಹೊಸತನದ ಹುಚ್ಚಿಗೆ ಆ ಲೋಕವೇ ಕಡಿವಾಣ ಹಾಕಿಕೊಳ್ಳುತ್ತಿದೆ ಎಂಬುದಕ್ಕೆ ಇಷ್ಟು ಸಾಕ್ಷ್ಯ ಸಾಕು.

ಈ ವಾದಕ್ಕೆ ಬರುವ ಗಟ್ಟಿಯಾದ ಆಕ್ಷೇಪ ಒಂದಿದೆ. ಗಾಳಿಯನ್ನು ತೆಗೆಸಿ ಸ್ಪ್ರಿಂಗು ಹಾಕಿಸಿದವರು 1957ರ ಮಾಲೀಕರೇ ಅಲ್ಲವೇ? ಹಾಗಾದರೆ ಸ್ಪ್ರಿಂಗು ಕೂಡ ಆ ಕಾರಿನ ಚರಿತ್ರೆಯೇ. ಕಾರ್ಖಾನೆಯ ಬಾಗಿಲಲ್ಲಿ ನಿಂತ ಕ್ಷಣವನ್ನೇ ಮೂಲವೆಂದು ಪೂಜಿಸಿ, ಆಮೇಲಿನ ಬದುಕನ್ನು ಕಳಂಕವೆಂದು ತೊಳೆಯುವುದು ಯಾವ ನ್ಯಾಯ? ಈ ಆಕ್ಷೇಪದಲ್ಲಿ ಸತ್ಯವಿದೆ. ಎಲ್ವಿಸ್ ಪ್ರೀಸ್ಲಿಯ 1955ರ ಕ್ಯಾಡಿಲಾಕ್ ಫ್ಲೀಟ್‌ವುಡ್ ಕಾರ್ಖಾನೆಯಿಂದ ಬಂದದ್ದು ನೀಲಿ ಬಣ್ಣದಲ್ಲಿ. ಅದನ್ನು ಗುಲಾಬಿಗೆ ಬದಲಾಯಿಸಿದ್ದು ಆತನೇ. ಮೆಂಫಿಸ್‌ನ ಗ್ರೇಸ್‌ಲ್ಯಾಂಡ್‌ನಲ್ಲಿರುವ ಆ ಕಾರನ್ನು ಯಾರಾದರೂ ಮೂಲದ ಹೆಸರಿನಲ್ಲಿ ನೀಲಿಗೆ ತಿರುಗಿಸಿದರೆ ಅದು ಜೀರ್ಣೋದ್ಧಾರವಾಗದು, ವಿಧ್ವಂಸವಾದೀತು. ಅಧ್ಯಕ್ಷ ಕೆನಡಿ ಹತ್ಯೆಯಾದಾಗ ಕುಳಿತಿದ್ದ 1961ರ ಲಿಂಕನ್ ಕಾಂಟಿನೆಂಟಲ್ ಕಾರಿಗೆ ಆಮೇಲೆ ರಕ್ಷಾಕವಚ ಜೋಡಿಸಿದರು, ಗಟ್ಟಿ ಚಾವಣಿ ಕೂರಿಸಿದರು, ಕಡುನೀಲಿಯನ್ನು ಕಪ್ಪಾಗಿಸಿದರು. 1977ರವರೆಗೆ ಮುಂದಿನ ಅಧ್ಯಕ್ಷರು ಅದನ್ನು ಬಳಸಿದರು. ಡಿಯರ್‌ಬಾರ್ನ್‌ನ ಹೆನ್ರಿ ಫೋರ್ಡ್ ಮ್ಯೂಸಿಯಂ ಅದನ್ನು ಸೇವೆಯಿಂದ ನಿವೃತ್ತವಾದ ರೂಪದಲ್ಲೇ ಇಟ್ಟಿದೆ. 1963ರ ನವೆಂಬರಿನ ಆ ಮಧ್ಯಾಹ್ನದ ರೂಪಕ್ಕೆ ಮರಳಿಸಿದ್ದರೆ ನೋಡುಗರು ಹೆಚ್ಚು ಬರುತ್ತಿದ್ದರೇನೋ. ಒಂದು ರಾಷ್ಟ್ರ ಆಘಾತದ ನಂತರ ಆ ಕಾರನ್ನೇ ರಿಪೇರಿ ಮಾಡಿಕೊಂಡು ಮುಂದುವರಿದ ಸಂಗತಿ ಮಾತ್ರ ಕಳೆದುಹೋಗುತ್ತಿತ್ತು. ಕ್ಯೂಬಾದ ರಸ್ತೆಗಳಲ್ಲಿ ಡೀಸೆಲ್ ಎಂಜಿನ್ ಹೊತ್ತು ಓಡುವ ಐವತ್ತರ ದಶಕದ ಅಮೆರಿಕನ್ ಕಾರುಗಳೂ ಹಾಗೆಯೇ. ಅವುಗಳ ಬೇರೆ ಎಂಜಿನ್ನೇ ಅಮೆರಿಕದ ಆರ್ಥಿಕ ದಿಗ್ಬಂಧನದ ಇತಿಹಾಸ.

ಆದ್ದರಿಂದ ಕಾರ್ಖಾನೆಯ ರೂಪವೊಂದೇ ಸತ್ಯ ಎಂಬುದು ನನ್ನ ವಾದವಲ್ಲ. ಕಾಲದ ಯಾವ ಪದರವನ್ನು ತೋರಿಸಬೇಕು ಎಂಬುದನ್ನು ಪ್ರತಿ ಕಾರಿನ ವಿಷಯದಲ್ಲೂ ಪ್ರತ್ಯೇಕವಾಗಿ ತೀರ್ಮಾನಿಸಬೇಕಾಗುತ್ತದೆ. ತೀರ್ಮಾನ ಯಾವುದೇ ಇರಲಿ, ಅದನ್ನು ಬಚ್ಚಿಡದಿರುವುದು ಕರ್ತವ್ಯ. ಶಾಸನ ಸಂಪಾದಕರ ಪದ್ಧತಿ ಇಲ್ಲಿ ಮಾದರಿಯಾಗಬಲ್ಲದು. ಬಿ.ಎಲ್. ರೈಸ್ ಮತ್ತು ಅವರ ನಂತರದವರು ‘ಎಪಿಗ್ರಾಫಿಯಾ ಕರ್ನಾಟಿಕ’ದ ಸಂಪುಟಗಳನ್ನು ಸಿದ್ಧಪಡಿಸುವಾಗ ಕಲ್ಲಿನಲ್ಲಿ ಸವೆದುಹೋದ ಅಕ್ಷರದ ಜಾಗವನ್ನು ಚುಕ್ಕಿಗಳಿಂದ ಗುರುತಿಸಿದರು, ಊಹೆಯನ್ನು ಊಹೆಯಂತೆಯೇ ಬೇರೆಯಾಗಿ ತೋರಿಸುವುದು ಆ ವಿದ್ಯೆಯ ಶಿಸ್ತು. ಓದುಗನಿಗೆ ಕಲ್ಲು ಹೇಳಿದ್ದು ಯಾವುದು, ಸಂಪಾದಕ ಸೇರಿಸಿದ್ದು ಯಾವುದು ಎಂದು ಒಂದೇ ನೋಟಕ್ಕೆ ತಿಳಿಯುತ್ತದೆ. ಸವೆದ ಜಾಗದಲ್ಲಿ ಹೊಸ ಅಕ್ಷರ ಕೆತ್ತಿ ಸುಮ್ಮನಾಗುವವನನ್ನು ಯಾರೂ ಸಂಪಾದಕನೆನ್ನುವುದಿಲ್ಲ. ಬ್ರೋಮ್‌ನ ಸ್ಪ್ರಿಂಗುಗಳನ್ನು ಉಳಿಸಿಕೊಳ್ಳುವ ಮಾಲೀಕ ಕಳಚಿದ ಗಾಳಿಯ ಕೋಶಗಳನ್ನು ತೂಕಕ್ಕೆ ಮಾರದೆ ಕಾರಿನ ಜೊತೆಗೇ ಇಡಲಿ, ಅವು ಕೂರುತ್ತಿದ್ದ ಜಾಗವನ್ನು ಕತ್ತರಿಸದಿರಲಿ, ಬದಲಾವಣೆ ಯಾವಾಗ ಆಯಿತು ಎಂದು ಬರೆದಿಡಲಿ. ಅಷ್ಟು ಮಾಡಿದರೆ ಆತನೂ ಕಾರಿಗೆ ನ್ಯಾಯ ಸಲ್ಲಿಸಿದಂತೆಯೇ. ಕಟ್ಟಡಗಳ ವಿಷಯದಲ್ಲಿ 1964ರ ವೆನಿಸ್ ಸನ್ನದು ಹೇಳಿದ್ದು ಬಹುಮಟ್ಟಿಗೆ ಇದನ್ನೇ: ಊಹೆ ಶುರುವಾದಲ್ಲಿ ಜೀರ್ಣೋದ್ಧಾರ ನಿಲ್ಲಬೇಕು, ಎಲ್ಲ ಕಾಲಗಳ ಕೊಡುಗೆಗೂ ಗೌರವ ಸಲ್ಲಬೇಕು, ಮಾಡಿದ್ದೆಲ್ಲ ದಾಖಲಾಗಬೇಕು. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾ ಅದೇ ಹಾದಿಯಲ್ಲಿ ವಾಹನಗಳಿಗಾಗಿ ಟ್ಯೂರಿನ್ ಸನ್ನದನ್ನು ರೂಪಿಸಿತು. 

ಎರಡನೆಯ ಆಕ್ಷೇಪ ಸುರಕ್ಷತೆಯದು. ಎರಡು ಟನ್‌ಗೂ ಮೀರಿದ ತೂಕ, 325 ಅಶ್ವಶಕ್ತಿಯ ಎಂಜಿನ್, ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕು. ಆ ಬ್ರೇಕಿಗೆ ದ್ರವ ಹರಿಯುವುದು ಒಂದೇ ಜಾಲದಲ್ಲಿ. ಎಲ್ಲಾದರೂ ಒಂದು ಕಡೆ ಸೋರಿದರೆ ನಾಲ್ಕು ಚಕ್ರಗಳೂ ಕೈಕೊಡುತ್ತವೆ. ಮುಂದಿನ ಮತ್ತು ಹಿಂದಿನ ಬ್ರೇಕುಗಳಿಗೆ ಪ್ರತ್ಯೇಕ ಜಾಲವನ್ನು ಕ್ಯಾಡಿಲಾಕ್ ಕೊಟ್ಟಿದ್ದು 1962ರಲ್ಲಿ. ಇಂಥ ಕಾರನ್ನು ಇದ್ದ ಹಾಗೆಯೇ ರಸ್ತೆಗಿಳಿಸಿ, ಎದುರಿಗೆ ಬರುವವರ ಜೀವಕ್ಕೆ ಅಪಾಯ ತನ್ನಿ ಎಂದು ಯಾರೂ ಹೇಳಲಾರರು. ಆದರೆ ಗಮನಿಸಬೇಕಾದ ಅಂಶವಿದೆ. ಎರಡು ಜಾಲದ ಮಾಸ್ಟರ್ ಸಿಲಿಂಡರ್, ಸೀಟ್ ಬೆಲ್ಟು, ಸೀಸವಿಲ್ಲದ ಪೆಟ್ರೋಲಿಗೆ ತಾಳುವ ಗಟ್ಟಿ ವಾಲ್ವ್ ಸೀಟುಗಳು, ಆಸ್ಬೆಸ್ಟಾಸ್ ಇಲ್ಲದ ಬ್ರೇಕ್ ಲೈನಿಂಗು ಇವೆಲ್ಲ ಕಾರಿನ ಸ್ವರೂಪಕ್ಕೆ ಧಕ್ಕೆ ತರದೆ ಮಾಡಬಹುದಾದ ಬದಲಾವಣೆಗಳು. ಇವುಗಳನ್ನು ಬರೆದಿಟ್ಟು ಮಾಡಿದರೆ ತಕರಾರಿಲ್ಲ. ಸುರಕ್ಷತೆಯ ಹೆಸರು ಹೇಳಿ ಎಂಜಿನ್, ಗೇರ್‌ಬಾಕ್ಸ್, ಸಸ್ಪೆನ್ಶನ್ ಎಲ್ಲವನ್ನೂ ಇವತ್ತಿನದಕ್ಕೆ ಬದಲಾಯಿಸಿ, ಮೇಲೊಂದು ಹಳೆಯ ಚಿಪ್ಪು ಹೊದಿಸುವುದು ಬೇರೆಯೇ ಕಸುಬು. ಅದು ತಪ್ಪಲ್ಲ, ಅದನ್ನು ಜೀರ್ಣೋದ್ಧಾರವೆಂದು ಕರೆದು ಬಹುಮಾನ ಕೇಳುವುದು ತಪ್ಪು. ಇನ್ನು ಗಾಳಿಯ ಸಸ್ಪೆನ್ಶನ್ ಅನ್ನು ಇವತ್ತು ನಡೆಸಲಾಗದು ಎಂಬ ಮಾತಿಗೂ ಬಲವಿಲ್ಲ. ಅದನ್ನು ಸೋಲಿಸಿದ ರಬ್ಬರು ಮತ್ತು ಸೀಲುಗಳ ಗುಣಮಟ್ಟ ಈಗ ಎಷ್ಟೋ ಮೇಲೇರಿದೆ. ಮೂಲ ವಿನ್ಯಾಸವನ್ನು ಉಳಿಸಿಕೊಂಡೇ ಅದಕ್ಕೆ ಜೀವ ಕೊಡುವುದರಲ್ಲಿ ಮೆಕ್ಯಾನಿಕ್‌ನ ನಿಜವಾದ ಜಾಣ್ಮೆ ಇದೆ.

ಕಾರು ನನ್ನದು, ದುಡ್ಡು ನನ್ನದು, ನಾನು ಹೇಗೆ ಬೇಕಾದರೂ ಮಾಡಿಕೊಳ್ಳುತ್ತೇನೆ ಎಂಬುದು ಮೂರನೆಯ ಆಕ್ಷೇಪ. ಕಾನೂನಿನ ಪ್ರಕಾರ ಅದು ಸರಿ. ಯಾರ ಗ್ಯಾರೇಜಿಗೂ ಪೊಲೀಸರನ್ನು ಕಳುಹಿಸಬೇಕೆಂದು ಇಲ್ಲಿ ಸೂಚಿಸುತ್ತಿಲ್ಲ. ಆದರೆ ಒಬ್ಬೊಬ್ಬ ಮಾಲೀಕನೂ ಇಂಥ ಕಾರಿನ ಬದುಕಿನಲ್ಲಿ ತಾತ್ಕಾಲಿಕ. ಕಾರು ಆತನ ನಂತರವೂ ಉಳಿಯುತ್ತದೆ, ಕೈ ಬದಲಾಯಿಸುತ್ತದೆ. ಸಂಗ್ರಾಹಕರ ಮಾರುಕಟ್ಟೆಯಲ್ಲಿ ಚಾಸಿಸ್ ಮತ್ತು ಎಂಜಿನ್ನಿನ ಸಂಖ್ಯೆಗಳು ಹೊಂದಿಕೆಯಾದರೆ ಬೆಲೆ ಏರುತ್ತದೆ, ಹೊಂದದಿದ್ದರೆ ಇಳಿಯುತ್ತದೆ. ಅಂದರೆ ಮೂಲ ಯಾವುದು, ಬದಲಾದದ್ದು ಯಾವುದು ಎಂಬ ತಿಳಿವಳಿಕೆಗೆ ಕೊಳ್ಳುವವರು ಈಗಾಗಲೇ ಹಣ ಕೊಡುತ್ತಿದ್ದಾರೆ. ದಾಖಲೆಯಿಲ್ಲದ ಜೀರ್ಣೋದ್ಧಾರ ಮುಂದಿನ ಖರೀದಿದಾರನನ್ನು ಕತ್ತಲಲ್ಲಿಡುತ್ತದೆ. ದಾಖಲೆಯುಳ್ಳದ್ದು ಮಾಲೀಕನ ಹಿತವನ್ನೇ ಕಾಯುತ್ತದೆ. ತುಕ್ಕು ಹಿಡಿದು ತಗಡೇ ಕರಗಿಹೋದ ಕಾರನ್ನು ಮೂಲಸ್ಥಿತಿಯ ಹೆಸರಿನಲ್ಲಿ ಹಾಗೆಯೇ ಬಿಡಬೇಕೆಂದೂ ಈ ವಾದ ಹೇಳುವುದಿಲ್ಲ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಚೆಲ್ಲುವ ಅಮೆರಿಕದ ಉತ್ತರದ ರಾಜ್ಯಗಳಲ್ಲಿ ಎಷ್ಟೋ ಕಾರುಗಳ ಹೊಟ್ಟೆ ಹಾಗೆ ಕರಗಿಹೋಗಿದೆ. ಅವುಗಳಿಗೆ ಹೊಸ ತಗಡು ಬೇಕೇ ಬೇಕು. ಬೇಕಾದಷ್ಟು ಮಾಡುವುದಕ್ಕೂ ಬೇಡದ್ದನ್ನೆಲ್ಲ ಮಾಡುವುದಕ್ಕೂ ನಡುವೆ ಗೆರೆ ಎಳೆಯಿರಿ ಎಂಬುದಷ್ಟೇ ಕೋರಿಕೆ.

ಇನ್ನೊಂದು ಆಕ್ಷೇಪ ಬೇರೆ ದಿಕ್ಕಿನಿಂದ ಬರುತ್ತದೆ, ಮತ್ತು ಅದನ್ನು ಹಗುರವಾಗಿ ಕಾಣುವಂತಿಲ್ಲ. ಸಿರಿವಂತರ ಆಟಿಕೆಯೊಂದರ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕೇ? ಲೀಟರುಗಟ್ಟಲೆ ಇಂಧನ ಕುಡಿಯುವ, ಸೀಸದ ಹೊಗೆ ಉಗುಳಿದ, ಉಳ್ಳವರ ಒಡ್ಡೋಲಗಕ್ಕೆಂದು ಮಾಡಿದ ವಸ್ತು ಗುಜರಿಗೆ ಹೋದರೆ ನಷ್ಟವೇನು? ಆ ಕಾರು ಸಾಮಾಜಿಕ ದಾಖಲೆಯಾದ್ದರಿಂದಲೇ ನಷ್ಟವಿದೆ. 1930ರ ದಶಕದ ಆರಂಭದವರೆಗೂ ಕ್ಯಾಡಿಲಾಕ್ ಕಾರನ್ನು ಕಪ್ಪು ಜನರಿಗೆ ಮಾರದಿರುವುದು ಕಂಪನಿಯ ರೂಢಿಯಾಗಿತ್ತು, ಅವರು ಬಿಳಿಯರೊಬ್ಬರ ಹೆಸರಿನಲ್ಲಿ ಹೆಚ್ಚು ಹಣ ತೆತ್ತು ಕೊಳ್ಳುತ್ತಿದ್ದರು ಎಂಬುದನ್ನು ಮ್ಯಾನೇಜ್‌ಮೆಂಟ್ ಚಿಂತಕ ಪೀಟರ್ ಡ್ರಕರ್ ದಾಖಲಿಸಿದ್ದಾರೆ. ಆ ರೂಢಿ ಮುರಿದ ಮೇಲೆ ಅದೇ ಕಾರು ಕಪ್ಪು ಅಮೆರಿಕನ್ನರ ಪಾಲಿಗೆ ಘನತೆಯ ಗುರುತಾಯಿತು. ‘ಎಬನಿ’ ಪತ್ರಿಕೆ 1949ರಲ್ಲಿ ಅವರು ಕ್ಯಾಡಿಲಾಕ್ ಏಕೆ ಕೊಳ್ಳುತ್ತಾರೆ ಎಂಬುದರ ಬಗ್ಗೆಯೇ ಸಂಪಾದಕೀಯ ಬರೆಯಿತು. ಬ್ರೋಮ್ ಬಂದ 1957ರಲ್ಲಿ ಕಪ್ಪು ಮಾಲೀಕನೊಬ್ಬ ಅದನ್ನು ಕೊಂಡಿದ್ದರೂ ದಕ್ಷಿಣದ ರಾಜ್ಯಗಳಲ್ಲಿ ರಾತ್ರಿ ತಂಗಲು ಕೋಣೆ ಸಿಗುವ ಖಾತ್ರಿಯಿರಲಿಲ್ಲ. ಕಪ್ಪು ಪ್ರಯಾಣಿಕರಿಗೆ ಎಲ್ಲಿ ಜಾಗವಿದೆ ಎಂದು ಹೇಳುವ ‘ಗ್ರೀನ್ ಬುಕ್’ ಮಾರ್ಗದರ್ಶಿ ಆಗಲೂ ಅಚ್ಚಾಗುತ್ತಿತ್ತು. ಕಾರ್ಖಾನೆಯ ಕಾರ್ಮಿಕನಿಗೆ ಆ ಕಾರಿನಲ್ಲಿ ಉಳಿದ ಸಹಿಯೆಂದರೆ ತಗಡಿನ ಮೇಲಿನ ಬಳಪದ ಗುರುತು, ಬೆಸುಗೆಯ ಏರುತಗ್ಗು. ಸಿರಿಯ ಈ ಯಂತ್ರವನ್ನು ಬರೀ ಸಿರಿಯ ಯಂತ್ರವಾಗಿ ತೋರಿಸುವುದು ಅತಿಯಾದ ಹೊಳಪು. ಹೊಳಪನ್ನು ತಗ್ಗಿಸಿದಾಗಲೇ ಅದನ್ನು ಮಾಡಿದವರು, ಅದರಿಂದ ಹೊರಗುಳಿದವರು ಕಣ್ಣಿಗೆ ಬೀಳುತ್ತಾರೆ. ಅಸಮಾನತೆಯನ್ನು ವಿರೋಧಿಸುವವರಿಗೆ ನಯಗೊಳಿಸಿದ ಕಾರಿಗಿಂತ ಪ್ರಾಮಾಣಿಕವಾದ ಕಾರು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಪರಿಸರದ ಮಾತೂ ಇದೇ ದಿಕ್ಕಿಗೆ ತಿರುಗುತ್ತದೆ. ಪ್ರದರ್ಶನದ ಕಾರುಗಳು ವರ್ಷಕ್ಕೆ ಓಡುವುದು ತೀರ ಕಡಿಮೆ. ಅವುಗಳ ದೊಡ್ಡ ಹೊರೆ ಇರುವುದು ಮತ್ತೆ ಮತ್ತೆ ಹೊಸದಾಗಿಸುವ ಕೆಲಸದಲ್ಲಿ. ಐವತ್ತರ ದಶಕದ ಬಂಪರುಗಳ ಹೊಳಪಿಗೆ ತಾಮ್ರ, ನಿಕ್ಕಲ್, ಕ್ರೋಮಿಯಂಗಳ ಪದರ ಬೇಕು. ಅದಕ್ಕೆ ಬಳಸುವ ಹೆಕ್ಸಾವಲೆಂಟ್ ಕ್ರೋಮಿಯಂ ಕ್ಯಾನ್ಸರ್ ತರುವ ವಿಷ. ಅಲಂಕಾರಿಕ ಲೇಪನದಲ್ಲಿ ಅದರ ಬಳಕೆಯನ್ನು ಹಂತಹಂತವಾಗಿ ನಿಲ್ಲಿಸಲು ಕ್ಯಾಲಿಫೋರ್ನಿಯ 2023ರಲ್ಲಿ ನಿರ್ಧರಿಸಿತು. ಸಣ್ಣ ಗುಳಿ ಬಿದ್ದ ಬಂಪರನ್ನು ಹಾಗೆಯೇ ಬಿಟ್ಟರೆ ಚರಿತ್ರೆಯೂ ಉಳಿಯುತ್ತದೆ, ಲೇಪನದ ತೊಟ್ಟಿಯ ಪಕ್ಕ ನಿಂತು ದುಡಿಯುವವನ ಶ್ವಾಸಕೋಶವೂ ಉಳಿಯುತ್ತದೆ.

ಇದೆಲ್ಲ ಸಾಗರದಾಚೆಯ ಚರ್ಚೆಯೆನಿಸಬಹುದು. ಭಾರತದಲ್ಲಿಯೂ ಇದು ಕಾನೂನಿನ ಪ್ರಶ್ನೆಯಾಗಿದೆ. ಕೇಂದ್ರ ಸರ್ಕಾರ 2021ರ ಜುಲೈಯಲ್ಲಿ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ಸ್ವರೂಪದಲ್ಲಿ ಕಾಪಾಡಿದ, ಚಾಸಿಸ್, ಬಾಡಿ ಅಥವಾ ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಡು ಕಾಣದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳು ‘ವಿಂಟೇಜ್’. ಅವಕ್ಕೆ ‘ವಿಎ’ ಅಕ್ಷರಗಳಿರುವ ಪ್ರತ್ಯೇಕ ನಂಬರ್ ಪ್ಲೇಟು. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ ಶುಲ್ಕ. ನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಅವನ್ನು ಬಳಸುವಂತಿಲ್ಲ. ಪ್ರದರ್ಶನ, ರ್‍ಯಾಲಿ, ಸಂಶೋಧನೆ, ದುರಸ್ತಿ, ಇಂಧನ ತುಂಬಿಸುವಂಥ ಕೆಲಸಗಳಿಗೆ ಮಾತ್ರ ರಸ್ತೆಗಿಳಿಸಬಹುದು. ನಿಯಮದ ಆಶಯ ಒಳ್ಳೆಯದು: ಅದು ಹೊಳಪಿಗಿಂತ ಮೂಲ ಸ್ವರೂಪವನ್ನು ಎತ್ತಿಹಿಡಿದಿದೆ. ತೊಡಕಿರುವುದು ನಮ್ಮ ಚರಿತ್ರೆಯಲ್ಲಿ. ಸ್ವಾತಂತ್ರ್ಯದ ನಂತರದ ಆಮದು ನಿರ್ಬಂಧಗಳ ಕಾಲದಲ್ಲಿ ಅಮೆರಿಕನ್ ಕಾರುಗಳ ಬಿಡಿಭಾಗ ಸಿಗದೆ, ಪೆಟ್ರೋಲು ದುಬಾರಿಯಾಗಿ, ಎಷ್ಟೋ ಡಾಡ್ಜ್, ಪ್ಲೈಮೌತ್, ಷೆವ್ರೊಲೆಟ್‌ಗಳಿಗೆ ಪರ್ಕಿನ್ಸ್‌ನಂಥ ಡೀಸೆಲ್ ಎಂಜಿನ್ ಕೂರಿಸಿ ಟ್ಯಾಕ್ಸಿಯಾಗಿ ಓಡಿಸಿದರು. ಆ ಡೀಸೆಲ್ ಎಂಜಿನ್ ನಮ್ಮ ಆರ್ಥಿಕತೆಯ ಒಂದು ಅಧ್ಯಾಯ, ನಮ್ಮ ಮೆಕ್ಯಾನಿಕ್‌ಗಳ ಜಾಣ್ಮೆಯ ಪುರಾವೆ. ನಿಯಮವನ್ನು ಅಕ್ಷರಶಃ ಓದಿದರೆ ಅಂಥ ಕಾರಿಗೆ ವಿಂಟೇಜ್ ಪಟ್ಟವಿಲ್ಲ. ಹಾಗಾಗಿ ಮಾಲೀಕ ಡೀಸೆಲ್ ಎಂಜಿನ್ ಎಸೆದು, ಎಲ್ಲಿಂದಲೋ ತಂದ ಹಳೆಯ ಪೆಟ್ರೋಲ್ ಎಂಜಿನ್ ಹಾಕಿಸಿ ಏನೂ ಆಗಿಲ್ಲವೆಂಬಂತೆ ನಿಲ್ಲಿಸಬೇಕಾಗುತ್ತದೆ. ಸತ್ಯವನ್ನು ಕಾಪಾಡಲೆಂದು ಮಾಡಿದ ನಿಯಮ ಸುಳ್ಳಿಗೆ ಪ್ರೇರಣೆಯಾಗುವುದು ಹೀಗೆ.

ಪರಿಹಾರ ಕಷ್ಟದ್ದಲ್ಲ. ವಿಎ ನೋಂದಣಿ ಬಯಸುವ ಪ್ರತಿ ಕಾರಿನ ಜೊತೆಗೂ ಒಂದು ಜೀರ್ಣೋದ್ಧಾರ ಪುಸ್ತಕ ಇರಲಿ: ಕೆಲಸ ಶುರುವಾಗುವ ಮೊದಲಿನ ಚಿತ್ರಗಳು, ಬದಲಾದ ಭಾಗಗಳ ಪಟ್ಟಿ, ಬದಲಾವಣೆಗೆ ಕಾರಣ, ಉಳಿಸಿಕೊಂಡ ಹಳೆಯ ಭಾಗಗಳ ವಿವರ. ಮೂರು ನಾಲ್ಕು ದಶಕಗಳ ಹಿಂದೆಯೇ ಆದ, ಪುರಾವೆಯಿರುವ ಮಾರ್ಪಾಡನ್ನು ದೋಷವೆಂದು ಎಣಿಸದೆ ಕಾರಿನ ಚರಿತ್ರೆಯೆಂದು ಒಪ್ಪಲಿ. ಇವತ್ತು ಗುಟ್ಟಾಗಿ ಮಾಡಿದ ಮಾರ್ಪಾಡಿಗೆ ಮಾತ್ರ ಅನರ್ಹತೆ ಇರಲಿ. ಸಾರಿಗೆ ಇಲಾಖೆಗೆ ಇದರಿಂದ ಹೆಚ್ಚಿನ ಹೊರೆಯೇನೂ ಬೀಳದು. ಪುಸ್ತಕ ಬರೆಯುವವನು ಮಾಲೀಕ, ಪರಿಶೀಲಿಸುವುದಷ್ಟೇ ಅಧಿಕಾರಿಯ ಕೆಲಸ. ವಿಂಟೇಜ್ ರ್‍ಯಾಲಿ ನಡೆಸುವ ಕ್ಲಬ್ಬುಗಳು ಬಣ್ಣದ ಹೊಳಪಿಗೆ ಕೊಡುವ ಅಂಕಗಳಲ್ಲಿ ಒಂದಷ್ಟನ್ನು ಈ ಪುಸ್ತಕಕ್ಕೆ ಕೊಡಬಹುದು. ಧರ್ಮಸ್ಥಳದ ಕಾರು ಮ್ಯೂಸಿಯಂ, ಶ್ರೀರಂಗಪಟ್ಟಣದ ಬಳಿಯ ‘ಪಯಣ’ದಂಥ ಸಂಗ್ರಹಗಳಿಗೆ ಬರುವ ಸಾವಿರಾರು ಜನರಿಗೆ ಕಾರಿನ ಹೆಸರು, ಇಸವಿಗಳ ಜೊತೆಗೆ ಅದು ಯಾವ ಯಾವ ರಿಪೇರಿಗಳನ್ನು ಹಾದು ಬಂತು ಎಂಬುದನ್ನೂ ಫಲಕದಲ್ಲಿ ಹೇಳಿದರೆ ನಿಂತು ಓದುವವರು ಖಂಡಿತ ಇರುತ್ತಾರೆ. ಯಂತ್ರವೊಂದು ಹೇಗೆ ಕೆಟ್ಟಿತು, ಯಾರು ಅದನ್ನು ಹೇಗೆ ನಡೆಸಿದರು ಎಂಬ ವಿವರದಿಂದ ಎಂಜಿನಿಯರಿಂಗ್ ಓದುವ ಹುಡುಗರಿಗೆ ಸಿಗುವ ಪಾಠ ಯಾವ ಹೊಳಪಿನಿಂದಲೂ ಸಿಗದು. ಬ್ರೋಮ್ ಅನ್ನು ಕಟ್ಟಿದ ಎಂಜಿನಿಯರುಗಳು ಗಾಳಿಯ ಮೇಲೆ ಪಣ ಕಟ್ಟಿ ಸೋತರು. ಅವರ ನಂತರದವರು ಆ ಸೋಲನ್ನು ಬಿಚ್ಚಿ ನೋಡಿ, ಅದರಿಂದಲೇ ಕಲಿತು ಗೆದ್ದರು. ಬಿಚ್ಚಿ ನೋಡಲು ಏನಾದರೂ ಉಳಿದಿದ್ದರೆ ಮಾತ್ರ ಕಲಿಯಲು ಸಾಧ್ಯ. ಹಳೆಯ ಕಾರನ್ನು ಉಳಿಸುವುದಕ್ಕೆ ಸಾರ್ವಜನಿಕ ಮೆಚ್ಚುಗೆಯನ್ನೂ ಕಾನೂನಿನ ರಿಯಾಯಿತಿಯನ್ನೂ ಕೇಳುವವರು, ಅದರಲ್ಲಿ ಕಲಿಯುವಂಥದ್ದನ್ನು ಉಳಿಸಿದ್ದೇವೆ ಎಂದು ತೋರಿಸಿ ಕೇಳಲಿ.